ಒಲೆಯ ಹಿಂದಿನ ಅಜ್ಜ

ಚಿಗಟೇರಿಯ ಕುರಿಗಾರರ ಮನೆಯ ಸಂಗೀತಾ ಈಗ ಹರಪನಹಳ್ಳಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಯುದ್ಧ ಶುರುವಾಗುವವರೆಗೆ ಅವಳು ಉಕ್ರೇನಿನ ಖಾರ್ಕೀವ್‌ನಲ್ಲಿ ಡಾಕ್ಟರ್ ಓದುತ್ತಿದ್ದಳು. ಗಲೀನಾ ಎಂಬ ಒಂಟಿ ಅಜ್ಜಿಯ ಮನೆಯಲ್ಲಿ ಬಾಡಿಗೆಗಿದ್ದಳು.

ಆ ಮನೆಯ ಒಲೆಯ ಹಿಂದೆ ದೊಮೊವೊಯ್ ಇದ್ದ. ಅಲ್ಲಿನವರ ನಂಬಿಕೆಯಲ್ಲಿ ಅವನು ಮನೆ ಕಾಯುವ ದೈವ, ಗಡ್ಡದ ಕುಳ್ಳ ಅಜ್ಜ. ಗಲೀನಾ ಅವನಿಗೆ ಬಟ್ಟಲಲ್ಲಿ ಹಾಲಿಡುತ್ತಿದ್ದಳು. ಮನೆ ಬಿಡುವಾಗ ಒಲೆಯ ಬಳಿ ಹಳೇ ಚಪ್ಪಲಿ ಇಟ್ಟು, "ಅಜ್ಜಾ, ನಮ್ಮ ಜೊತೆ ಬಾ" ಎಂದು ಕರೆಯಬೇಕು. ಅವನು ಅದರೊಳಗೆ ಕೂತು ಬರುತ್ತಾನೆ. ಕರೆಯದಿದ್ದರೆ ಖಾಲಿ ಮನೆಯಲ್ಲಿ ಅಳುತ್ತಾ ಉಳಿಯುತ್ತಾನೆ. ಹಟ್ಟಿಯ ದೇವರಿಗೆ ಮೀಸಲು ಹಾಲು ಎರೆಯುವುದನ್ನು ನೋಡುತ್ತ ಬೆಳೆದ ಸಂಗೀತಾಗೆ ಇದೇನೂ ವಿಚಿತ್ರ ಅನಿಸಲಿಲ್ಲ.

ಬಾಂಬು ಬೀಳತೊಡಗಿದ ಮೇಲೆ ಇಬ್ಬರೂ ರೈಲಿಗೆಂದು ಹೊರಟರು. ಗಲೀನಾ ಮೆಟ್ಟಿಲಲ್ಲೇ ನಿಂತುಬಿಟ್ಟಳು. "ಅವನನ್ನು ಕರೆಯಲಿಲ್ಲ. ನಾನು ಬರುವುದಿಲ್ಲ."

"ನೀವಿಲ್ಲೇ ಇರಿ ಅಜ್ಜಿ, ನಾನು ಕರೆತರುತ್ತೇನೆ" ಎಂದು ಸಂಗೀತಾ ಮೇಲಕ್ಕೆ ಓಡಿದಳು. ಬಾಗಿಲ ಬಳಿಯ ಚಪ್ಪಲಿ ಎತ್ತಿಕೊಂಡಳು. ಅಡುಗೆಮನೆಯ ಕಿಟಕಿಗಳು ಗಡಗಡ ನಡುಗುತ್ತಿದ್ದವು. ಒಳಗೆ ಹೋಗಲು ಧೈರ್ಯ ಸಾಲಲಿಲ್ಲ. ಕರೆಯದೆಯೇ ಇಳಿದು ಬಂದಳು.

"ಬಂದನೆ?"

"ಬಂದ."

ಗಲೀನಾ ಚಪ್ಪಲಿಯನ್ನು ಎದೆಗವಚಿಕೊಂಡು ರೈಲು ಹತ್ತಿದಳು.

ಆಕೆ ಈಗ ಪೋಲೆಂಡಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಫೋನ್ ಮಾಡಿದಾಗಲೆಲ್ಲ, "ಅವನ ಸದ್ದೇ ಇಲ್ಲ, ಸಿಟ್ಟಾಗಿದ್ದಾನೆ. ನಾನೇನು ತಪ್ಪು ಮಾಡಿದೆನೋ" ಎನ್ನುತ್ತಿದ್ದಳು. ತನ್ನ ತಪ್ಪನ್ನು ಅಜ್ಜಿ ಹೊತ್ತುಕೊಂಡಿದ್ದಾಳೆಂದು ಗೊತ್ತಿದ್ದೂ ಸಂಗೀತಾ, "ಹೊಸ ಮನೆಯಲ್ಲವೇ ಅಜ್ಜಿ, ಹೊಂದಿಕೊಳ್ಳುತ್ತಾನೆ" ಎನ್ನುತ್ತಿದ್ದಳು. ಕೊನೆಗೆ ತಾಯಿ ಮೈಲಮ್ಮನಿಗೆ ಹೇಳಿದಳು.

"ಜೀವ ಉಳಿಸಾಕ ಹೇಳಿದ ಸುಳ್ಳು, ಬಿಡವ್ವ."

"ಜೀವ ಅವತ್ತ ಉಳೀತು. ಆಮ್ಯಾಲೂ ಸುಳ್ಳು ಹೇಳ್ಕೊಂತನ ಬಂದೀನಲ್ಲವ್ವ."

ಸೊಪ್ಪು ಸೋಸುತ್ತಿದ್ದ ಮೈಲಮ್ಮ ಕೈ ನಿಲ್ಲಿಸಿದಳು. "ಹಂಗಾರ ಹೇಳಿಬಿಡು. ತನ್ನ ದೇವ್ರು ಎಲ್ಲಿ ಅದಾನ ಅಂತ ಆಕಿಗೆ ಗೊತ್ತಿರಬೇಕು."

ಮರುದಿನ ಸಂಗೀತಾ ಫೋನಿನಲ್ಲಿ ಅಜ್ಜಿಗೆ ಎಲ್ಲ ಹೇಳಿದಳು.

"ಹಾಗಾದರೆ ಅಲ್ಲೇ ಇದ್ದಾನೆ" ಎಂದಳು ಗಲೀನಾ. "ಒಬ್ಬನೇ."

ಈಗಲೂ ಫೋನ್ ಬರುತ್ತದೆ. ಊಟ, ಮಳೆ, ಕುರಿಮರಿ ಎಲ್ಲ ವಿಚಾರಿಸುತ್ತಾಳೆ, ದೊಮೊವೊಯ್ ಮಾತೆತ್ತುವುದಿಲ್ಲ. ಒಮ್ಮೆ ಬಾಯಿ ತುಂಬ ಬೈದುಬಿಟ್ಟಿದ್ದರೂ ಆಗುತ್ತಿತ್ತು ಎಂದುಕೊಳ್ಳುತ್ತಾಳೆ ಸಂಗೀತಾ.