ಮುಚ್ಚಳ ತೆಗೆದವರು

ತೆಗೆಯಬಾರದು ಎಂದು ಬರೆದಿಟ್ಟ ಮುಚ್ಚಳದಷ್ಟು ಕೈ ತುರಿಸುವ ವಸ್ತು ಈ ಲೋಕದಲ್ಲಿ ಇನ್ನೊಂದಿಲ್ಲ. ಅನ್ನ ಬೆಂದಿದೆಯೇ ಎಂದು ಮೂರು ಸಲ ಇಣುಕುವ ನಮ್ಮಂಥವರ ಕೈಗೆ ಬಿಯರಿನ ಬಕೆಟ್ಟು ಕೊಟ್ಟು ಹೋದದ್ದು ನನ್ನ ಭಾವನ ಏಕೈಕ ಅವಿವೇಕ.

ಭಾವ ಸನ್ನಿವೇಲಿನ ತನ್ನ ಗ್ಯಾರೇಜಿನಲ್ಲಿ ಬಿಯರು ತಯಾರಿಸುತ್ತಿದ್ದ. ಅಕ್ಕ ಅದರ ಒಂದು ಹನಿಯನ್ನೂ ಮುಟ್ಟಿದವಳಲ್ಲ. ಆದರೆ ಕೈ ತೊಳೆ, ಪಾತ್ರೆ ತೊಳೆ, ತೊಳೆದದ್ದನ್ನು ಮತ್ತೆ ಮುಟ್ಟಬೇಡ ಎಂಬ ಅವನ ನಿಯಮಗಳನ್ನು ಕಂಡು, ತನ್ನ ಅತ್ತೆಯ ಮಡಿ ಹೀಗೆ ಕಳ್ಳಭಟ್ಟಿಯಲ್ಲಿ ಮುಂದುವರಿಯಿತಲ್ಲ ಎಂದು ಸಮಾಧಾನಪಟ್ಟಿದ್ದಳು. ಭಾನುವಾರ ಬಿಯರು ಹುದುಗಲು ಇಟ್ಟ ಭಾವ ಗುರುವಾರ ಎದೆನೋವೆಂದು ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಬಕೆಟ್ಟಿಗೆ ಅಂಟಿಸಿದ ನೀಲಿ ಟೇಪಿನ ಮೇಲೆ ಅವನ ಅಕ್ಷರ ಉಳಿದಿತ್ತು: ‘ಹತ್ತನೇ ದಿನ ಹಾಪ್ಸು. ನಾಲ್ಕು ದಿನ ಬಿಟ್ಟು ಬಾಟಲಿಗೆ. ನಡುವೆ ಮುಚ್ಚಳ ತೆಗೆಯಬೇಡಿ.’ ಪುರೋಹಿತರು ಕೊಟ್ಟ ದಿನಗಳ ಪಟ್ಟಿಗಿಂತ ಇದು ಸ್ಪಷ್ಟವಾಗಿತ್ತು.

ಹಾಪ್ಸು ಎಂದರೆ ಒಂದು ಬಳ್ಳಿಯ ಹೂವು. ಅಂಗಡಿಯಲ್ಲಿ ಸಿಗುವಾಗ ಅದು ಹಸುವಿಗೆ ಹಾಕುವ ಹಿಂಡಿಯ ಹಸಿರು ಗುಳಿಗೆಯಂತಿರುತ್ತದೆ. ಹುದುಗಿದ ಬಿಯರಿಗೆ ಕುದಿಸದೆ ಹಾಗೇ ಹಾಕಿದರೆ ರುಚಿಗಿಂತ ಪರಿಮಳ ಹೆಚ್ಚು. ಕಿತ್ತಳೆ ಸಿಪ್ಪೆ, ಮಾವಿನ ಸೊನೆ, ಮಳೆ ಬಿದ್ದ ಹುಲ್ಲು ಎಲ್ಲವನ್ನೂ ಒಟ್ಟಿಗೆ ಅರೆದಂತೆ. ಭಾವನ ಅಂಗಿಗಳಿಗೆ ವರ್ಷವಿಡೀ ಇದೇ ವಾಸನೆ. ಅಂಗಿಗಳನ್ನೆಲ್ಲ ನೆಂಟರು ಬಂದು ಒಗೆದು, ಮಡಿಸಿ, ದಾನಕ್ಕೆ ಕೊಟ್ಟುಬಿಟ್ಟಿದ್ದರು.

ಬಿಯರು ಇಟ್ಟ ಹತ್ತನೇ ದಿನ ಹತ್ತಿರದ ಹೇವರ್ಡಿನಿಂದ ಬಂದು ಗುಳಿಗೆ ಸುರಿದವನು ನಾನೇ. ಮರುದಿನ ಅಕ್ಕನಿಗೆ ಗ್ರೋಸರಿ ತಂದುಕೊಡುವ ನೆಪದಲ್ಲಿ ಬಂದು ಗ್ಯಾರೇಜಿಗೆ ನುಸುಳಿ, ಮುಚ್ಚಳವನ್ನು ಎರಡು ಬೆರಳಷ್ಟು ಎತ್ತಿ ಮೂಗಿಟ್ಟೆ. ಭಾವ ಪಕ್ಕದಲ್ಲೇ ನಿಂತು ಬೈಯುತ್ತಿದ್ದಂತೆ ಅನ್ನಿಸಿತು. ಬೈಸಿಕೊಳ್ಳುವುದಕ್ಕೆಂದೇ ಅದರ ಮರುದಿನವೂ ಹೋದೆ. ಟೇಪು ಹೇಳಿದ ದಿನ ಬಾಟಲಿಗೆ ತುಂಬಿದವನೂ ನಾನೇ.

ಮಾಸಿಕ ಮುಗಿದ ಭಾನುವಾರ ಭಾವನ ಜೊತೆ ಬಿಯರು ತಯಾರಿಸುತ್ತಿದ್ದ ಗೆಳೆಯ ಗಂಗಾಧರ ಪಕ್ಕದ ನೆವಾರ್ಕಿನಿಂದ ಬಂದ. ಮಂಡ್ಯದವನು, ಮಾತಿಗೆ ಮುಲಾಜಿಲ್ಲ. ಗೆಳೆಯನ ಕೊನೆಯ ಬಿಯರೆಂದು ಚಪ್ಪಲಿ ಕಳಚಿಟ್ಟು ಕೂತ. ಬಾಟಲಿಯಿಂದ ಬಂಗಾರದ ಬಣ್ಣ ಬೀಳಬೇಕಿತ್ತು. ಬಿದ್ದದ್ದು ಕಾಫಿ ಡಿಕಾಕ್ಷನ್ನಿನ ಪಾತ್ರೆ ತೊಳೆದ ನೀರು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ.

“ರಟ್ಟಿನ ಡಬ್ಬ ನೆನೆಸಿದಂಗದೆ. ಗಾಳಿ ಹೊಕ್ಕದೆ ಇದಕ್ಕೆ. ಯಾರಪ್ಪ ಮುಚ್ಚಳ ತೆಗೆದೋರು?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ನಾನೇ. ಎರಡು ಸಲ,” ಎಂದೆ.

“ಎರಡು ಸಲಕ್ಕೆ ಇಷ್ಟು ಕೆಡಲ್ಲ ಕಣಯ್ಯ.”

ಅಕ್ಕ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿದ್ದಳು. “ನಾನು ದಿನಾ ಬೆಳಿಗ್ಗೆ ತೆಗೀತಿದ್ದೆ,” ಎಂದಳು. “ಮೂಸಿ ಮತ್ತೆ ಮುಚ್ತಿದ್ದೆ. ಸ್ನಾನ ಮಾಡ್ಕೊಂಡೇ ಹೋಗ್ತಿದ್ದೆ.”

ಸೋಫಾದ ಮೂಲೆಯಲ್ಲಿ ಫೋನು ಹಿಡಿದಿದ್ದ ಅಕ್ಕನ ಮಗಳು ಮೇಘನಾ ತಲೆ ಎತ್ತದೆ, “ಮೀ ಟೂ. ಆಫ್ಟರ್ ಸ್ಕೂಲ್,” ಎಂದಳು.

ಗಂಗಾಧರ ನಮ್ಮ ಮೂವರನ್ನೂ ಒಮ್ಮೆ ನೋಡಿ ಕನ್ನಡಕ ತೆಗೆದು ಒರೆಸಿದ. “ಒಂದು ಮನೇಲಿ ಒಬ್ಬರಾದ್ರೂ ಓದು ಬರಾ ಜನ ಇರ್ಬೇಕು ಅತ್ತಿಗೆ,” ಎಂದ.

“ಅವರ ವಾಸನೆ ಇದೆಯಾ ಅದರಲ್ಲಿ?” ಅಕ್ಕ ಕೇಳಿದಳು.

ಅವನು ಲೋಟವನ್ನು ಮತ್ತೆ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿ ಮೂಸಿದ. “ಇಲ್ಲ ಅತ್ತಿಗೆ. ಎಲ್ಲಾ ನೀವೇ ಮೂಸಿ ಮುಗಿಸಿದೀರಿ.”

“ಹಾಗಾದ್ರೆ ಚೆಲ್ಲಿಬಿಡಿ,” ಎಂದಳು ಅಕ್ಕ.

ನಾಲ್ವರೂ ಗ್ಯಾರೇಜಿನ ಸಿಂಕಿನ ಸುತ್ತ ನಿಂತೆವು. ಗಂಗಾಧರ ಒಂದೊಂದೇ ಬಾಟಲಿಯ ಮುಚ್ಚಳ ತೆಗೆದು ಕೊಡುತ್ತಿದ್ದ. ಸುರಿಯುವ ಮೊದಲು ಪ್ರತಿಯೊಂದನ್ನೂ ನಾವು ಸರದಿಯ ಮೇಲೆ ಮೂಸಿದೆವು.