ಬೀರುವಿನ ಇನ್ನೊಂದು ತುದಿ

ನಮ್ಮ ಆಫೀಸಿನಲ್ಲಿ ಅವಳನ್ನು ಕರೆಯುವುದೇ ಮೊಂಡಿ ಎಂದು. ಹೆಸರಿಟ್ಟವಳು ನಾನೇ. ಆಫೀಸು ಅಂದರೆ ಮಹಾ ಏನಲ್ಲ. ಕನ್ನಡಕದ ಅಂಗಡಿಯ ಮೇಲೆ ಎರಡು ಕೋಣೆ, ಮೂರು ಜನ. ಕಂಪ್ಯೂಟರ್ ಗೇಮ್ ಮಾಡುತ್ತೇವೆ. ನಾನು ಟ್ಯಾಬ್ಲೆಟ್‌ನಲ್ಲಿ ಚಿತ್ರ ಬಿಡಿಸುತ್ತೇನೆ, ಮೊಂಡಿ ಕೋಡ್ ಬರೆಯುತ್ತಾಳೆ, ನನ್ನ ತಮ್ಮ ನಮ್ಮಿಬ್ಬರಿಗೂ ಬಾಸು. ಅವನೇನು ಮಾಡುತ್ತಾನೆಂದು ಮಾತ್ರ ಕೇಳಬೇಡಿ. ಫೋನಿನಲ್ಲಿ ಮಾತಾಡುತ್ತಾನೆ.

ಮೊಂಡಿಯ ಅಪ್ಪ ಮನೆ ಸಾಮಾನು ಸಾಗಿಸುತ್ತಿದ್ದವರು. ಆಳು ಕೈಕೊಟ್ಟ ದಿನ ಮಗಳೇ ಬೀರುವಿನ ಇನ್ನೊಂದು ತುದಿ ಹಿಡಿಯಬೇಕಿತ್ತು. ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ, ಬೈಸಿಕೊಳ್ಳುತ್ತ, ತಿರುಗಿ ಬೈಯುತ್ತ, ಇಕ್ಕಟ್ಟಿನ ಮೆಟ್ಟಿಲುಗಳನ್ನು ಇಳಿದೇ ಬೆಳೆದವಳು. ಅಪ್ಪ ತೀರಿಕೊಂಡ ಮೇಲೆ ಅದನ್ನೇ ಆಟ ಮಾಡಲು ಕೂತಳು. ಎರಡು ಕಂಪ್ಯೂಟರು, ಇಬ್ಬರು ಆಟಗಾರರು, ಒಂದು ಬೀರು. ಮೇಲಿನ ಮಹಡಿಯಿಂದ ಬೀದಿಗೆ ಇಳಿಸಬೇಕು, ಅಷ್ಟೇ.

ನನ್ನ ತಮ್ಮನಿಗೆ ಅದು ಮೊದಲಿನಿಂದಲೂ ರುಚಿಸಿರಲಿಲ್ಲ. ಅವಳು ಆಡುವುದನ್ನು ಹಿಂದೆ ನಿಂತು ನೋಡಿ, "ಬೀರು ಎತ್ತಿದ್ರು, ಇಳಿಸಿದ್ರು. ಇದರಲ್ಲೇನಿದೆ ಮಜಾ?" ಎಂದು ಆಕಳಿಸುತ್ತಿದ್ದ. ಇನ್ನೊಂದು ಕಂಪ್ಯೂಟರ್ ಕೊಡಿಸಿ ಎಂದು ಅವಳು ಗೋಗರೆದರೂ ಇವತ್ತು ನಾಳೆ ಎನ್ನುತ್ತ ತಳ್ಳಿಕೊಂಡೇ ಬಂದ. ಆಟವನ್ನು ಕೊಳ್ಳುವ ಕಂಪನಿಯವರು ನೋಡಲು ಬರುತ್ತೇವೆಂದಾಗ, ಅವರು ಬರುವ ಹಿಂದಿನ ದಿನ ಆ ಎರಡನೇ ಕಂಪ್ಯೂಟರ್ ಬಂತು.

ಮರುದಿನ ಬೆಳಿಗ್ಗೆ ಎರಡು ಕೋಣೆಯಲ್ಲಿ ಎರಡನ್ನೂ ಇಟ್ಟು ಜೋಡಿಸಿದೆವು. ಬಂದದ್ದು ಒಂದೇ ಕೆಂಪು ಸಾಲು: ಸಂಪರ್ಕ ನಿರಾಕರಿಸಲಾಗಿದೆ. ಕೇಬಲ್ ಬದಲಾಯಿಸಿದೆವು, ರೌಟರ್ ಆರಿಸಿ ಹಚ್ಚಿದೆವು, ಫೈರ್‌ವಾಲ್ ತೆಗೆದೆವು. ಏನು ತಿಪ್ಪರಲಾಗ ಹಾಕಿದರೂ ಅದೇ ಸಾಲು.

ಮಧ್ಯಾಹ್ನಕ್ಕೆ ತಮ್ಮನ ತಾಳ್ಮೆ ಕೆಟ್ಟಿತು. "ಸಾಕು. ಇಬ್ಬರ ಆಟ ಕಿತ್ತುಹಾಕು. ಆ ತುದೀನ ಕಂಪ್ಯೂಟರೇ ಹಿಡ್ಕೊಳ್ಳಲಿ."

"ಕಿತ್ತುಹಾಕಲ್ಲ," ಎಂದಳು ಮೊಂಡಿ.

"ಇಲ್ಲಿ ಬಾಸ್ ಯಾರು?"

"ನೀವೇ. ಆದ್ರೂ ಕಿತ್ತುಹಾಕಲ್ಲ. ಕಂಪ್ಯೂಟರ್‌ಗೆ ಕೈ ಜಾರಲ್ಲ, ಸುಸ್ತಾಗಲ್ಲ, ಸಿಟ್ಟು ಬರಲ್ಲ. ಅದರ ಜೊತೆ ಬೀರು ಎತ್ತೋದು ಆಟಾನಾ? ಅಂಥದ್ದು ಬೇಕಿದ್ರೆ ಬೇರೆಯವರ ಕೈಲಿ ಮಾಡಿಸ್ಕೊಳ್ಳಿ. ನಾನು ಬ್ಯಾಗ್ ತಗೊಂಡು ಹೊರಡ್ತೀನಿ."

ಅವನು ದುಸುಮುಸು ಎನ್ನುತ್ತ ಹೊರಗೆ ಹೋಗಿ, ಒಬ್ಬರೇ ಆಡುವ ಆಟ ತೋರಿಸುತ್ತೇವೆಂದು ಕಂಪನಿಯವರಿಗೆ ಫೋನ್ ಮಾಡಿಯೇಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ತಮ್ಮನಾದರೇನು, ಎರಡು ಬಿಡೋಣ ಅನ್ನಿಸಿತು.

ಮೊಂಡಿ ಮಾತ್ರ ಪರದೆ ಬಿಟ್ಟು ಏಳಲಿಲ್ಲ. "ನೋಡಕ್ಕಾ, ದಾರೀನೇ ಇಲ್ದಿದ್ರೆ ಸುಮ್ನೆ ಕಾಯಿಸ್ತಿತ್ತು. ಇದು ತಕ್ಷಣ ಬೇಡ ಅಂತಿದೆ. ಅಂದ್ರೆ ಮನೆ ತನಕ ಹೋಗಿದ್ದೀವಿ, ಬಾಗಿಲು ತೆಗೆಯೋರಿಲ್ಲ."

"ಮತ್ತೆ ಇಷ್ಟು ದಿನ ನಿನ್ನ ಕಂಪ್ಯೂಟರಲ್ಲಿ ಹೇಗೆ ನಡೀತಿತ್ತು?" ಎಂದೆ.

ಹೇಗೆಂದರೆ, ಒಂದೇ ಪರದೆಯಲ್ಲಿ ಎರಡು ಕಿಟಕಿ ತೆರೆದು, ಎಡಗೈಯಲ್ಲಿ ಒಬ್ಬನನ್ನೂ ಬಲಗೈಯಲ್ಲಿ ಇನ್ನೊಬ್ಬನನ್ನೂ ಅವಳೇ ಆಡಿಸುತ್ತಿದ್ದಳು. ಆ ಮಾತಿಗೆ ಅವಳ ಕೈ ನಿಂತಿತು. ಆಮೇಲೆ ಹಣೆ ಚಚ್ಚಿಕೊಂಡಳು. ಇರುವುದು ಒಂದೇ ಕಂಪ್ಯೂಟರಲ್ಲವೇ ಎಂದು, ಆ ಕಂಪ್ಯೂಟರಿನ ಒಳಗಿಂದ ಬಂದ ಕರೆಗೆ ಮಾತ್ರ ಓಗೊಡು ಎಂದು ಆಟಕ್ಕೆ ಅವಳೇ ಬರೆದಿಟ್ಟಿದ್ದಳು. ಪಕ್ಕದ ಕೋಣೆಯಿಂದ ಕರೆದರೆ ಅದು ಪಾಪ, ಹೇಳಿದಂತೆ ಕೇಳಿ ಬೇಡ ಎನ್ನುತ್ತಿತ್ತು. ತಿದ್ದಬೇಕಾದದ್ದು ಒಂದೇ ಸಾಲು.

"ಬಾಸ್! ತಪ್ಪು ನಂದು, ಆಟದ್ದಲ್ಲ. ಆ ಕೋಣೇಲಿ ಕೂತ್ಕೊಳ್ಳಿ!"

ತಮ್ಮ ಒಳಗೆ ಬಂದು ಮುಖ ಊದಿಸಿಕೊಂಡೇ ಕೂತ. ಕೆಂಪು ಸಾಲು ಬರಲಿಲ್ಲ. ಬೀರು ನೆಲ ಬಿಟ್ಟು ಎದ್ದಿತು. ಅವಳ ಎರಡು ಕೈಗಳಲ್ಲಿ ಒಂದರ ಮನಸ್ಸು ಇನ್ನೊಂದಕ್ಕೆ ಗೊತ್ತು, ಹಾಗಾಗಿ ಇಷ್ಟು ದಿನ ಅದು ಒಮ್ಮೆಯೂ ಬಿದ್ದಿರಲಿಲ್ಲ. ಈಗ ತಮ್ಮ ಆಚೆ ಎಳೆದ, ಅವಳು ಈಚೆ ಎಳೆದಳು. ಮೊದಲ ತಿರುವಿನಲ್ಲೇ ಬೀರು ಗೋಡೆಗೆ ಸಿಕ್ಕಿಕೊಂಡು, ನಾನು ಕಷ್ಟಪಟ್ಟು ಬಿಡಿಸಿದ ಮೆಟ್ಟಿಲ ಕಟಕಟೆಯನ್ನು ಮುರಿದುಕೊಂಡು ದಡದಡನೆ ಉರುಳಿತು.

"ಏಯ್, ಎಳೀಬೇಡ್ವೇ!"

"ನಾನೆಲ್ಲಿ ಎಳೆದೆ? ನೀವೇ ತಳ್ತಿದ್ದೀರಿ! ಕಣ್ಣು ಕಾಣಲ್ವಾ?"

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಮೊಂಡಿ ಬಾಯ್ತುಂಬ ಬೈಯುತ್ತಿದ್ದಳು, ಕಣ್ಣಲ್ಲಿ ಮಾತ್ರ ನೀರು. ಅಪ್ಪ ಹೋದ ಮೇಲೆ ಆ ತುದಿಯಲ್ಲಿ ಇನ್ನೊಬ್ಬ ಮನುಷ್ಯ ಇದ್ದದ್ದು ಅವತ್ತೇ. ಕೇಳಲೋ ಬೇಡವೋ ಎಂದುಕೊಳ್ಳುವಷ್ಟರಲ್ಲಿ ತಮ್ಮನೇ ಕೂಗಿದ, "ಇನ್ನೊಂದ್ಸಲ!"

ಮೂರನೆಯದೋ ನಾಲ್ಕನೆಯದೋ ಬೀರು ಮೆಟ್ಟಿಲ ನಡುವೆ ಇದ್ದಾಗ ಕಂಪನಿಯವರು ಬಂದು ಬಾಗಿಲಲ್ಲಿ ನಿಂತರು. "ಒಬ್ಬರೇ ಆಡೋ ಆಟ ಅಂತ ಫೋನಲ್ಲಿ ಹೇಳಿದ್ರಲ್ಲ, ಅದನ್ನ ತೋರಿಸಿ."

ಒಳಕೋಣೆಯಿಂದ ಮೊಂಡಿ ಕತ್ತು ಚಾಚಿದಳು. ಇವನು ಈಗ ಜಾರಿಕೊಳ್ಳುತ್ತಾನೆ ಎಂದು ನಾನು ಹಲ್ಲು ಕಚ್ಚಿ ನೋಡುತ್ತಿದ್ದೆ. ತಮ್ಮ ಎದ್ದ. ತನ್ನ ಕುರ್ಚಿಯನ್ನು ಅವರ ಕಡೆಗೆ ತಳ್ಳಿದ.

"ಒಬ್ಬರೇ ಎತ್ತೋ ಬೀರು ನಮ್ಮಲ್ಲಿಲ್ಲ ಸಾರ್. ಕೂತ್ಕೊಳ್ಳಿ, ಈ ಕಡೆ ಹಿಡೀರಿ. ಒಳಗಿರೋಳು ಬೈತಾಳೆ, ನೀವೂ ಬೈಯಿರಿ."