ಕಂಪ್ಲಿ ಅಜ್ಜ ಒಯ್ಯುತ್ತಿದ್ದ ಗುಳಿಗೆ

ಮೊನ್ನೆ ಕಂಪ್ಲಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಿದ್ದೆ. ರೈಸ್ ಮಿಲ್ಲುಗಳು ಶುರುವಾಗುವ ಕಡೆ ಭತ್ತ ಬೇಯಿಸುವ ವಾಸನೆ ಒಮ್ಮೆಲೇ ಒಳಗೆ ನುಗ್ಗಿತು. ಹಬೆ, ಹೊಟ್ಟು, ಒದ್ದೆ ಗೋಣಿ ಎಲ್ಲ ಸೇರಿದ ವಾಸನೆ... ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಒಬ್ಬ ಅಜ್ಜ ಎದುರಿಗೆ ಬಂದು ನಿಂತಂತಾಯಿತು. ಅವನ ಕೈಚೀಲಕ್ಕೂ ಹೆಗಲ ಮೇಲಿನ ಟವೆಲ್ಲಿಗೂ ಸದಾ ಇದೇ ವಾಸನೆ ಇರುತ್ತಿತ್ತು.

ಹದಿನೈದು ವರ್ಷದ ಹಿಂದಿನ ಮಾತು. ಫಾರ್ಮಸಿ ಓದು ಮುಗಿಸಿ ನಾನು ಆಗಷ್ಟೇ ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದೆ. ಕೌಂಟರಿನಲ್ಲಿ ಹೆಣ್ಣುಮಗಳನ್ನು ಕಂಡರೆ ಕೆಲವು ಗಂಡಸರು ಬಂದ ಕೆಲಸವನ್ನೇ ಮರೆಯುತ್ತಿದ್ದರು. ಒಂದು ಮಾತ್ರೆಯಂತೂ ಇತ್ತು, ಹಾಸಿಗೆಯಲ್ಲಿ ಗಂಡಸರಿಗೆ ಬಲ ಕೊಡುತ್ತದೆ ಎಂದು ಹೆಸರಾದದ್ದು. ಅದಕ್ಕಾಗಿ ಬಂದವರು ಮೊದಲು ಕೆಮ್ಮಿನ ಔಷಧಿ ಕೇಳುವರು, ಆಮೇಲೆ ತಲೆನೋವಿನ ಮಾತ್ರೆ ಕೇಳುವರು, ಕೊನೆಗೆ "ಓನರ್ ಇಲ್ಲೇನ್ರಿ?" ಎನ್ನುವರು. ನಗು ತಡೆದುಕೊಳ್ಳುವುದೇ ನನಗೊಂದು ಡ್ಯೂಟಿಯಾಗಿತ್ತು.

ಅಜ್ಜ ಹಾಗೆ ಸುತ್ತಿ ಬಳಸಲಿಲ್ಲ. ಸೀದಾ ಬಂದು ಡಾಕ್ಟರ ಚೀಟಿ ಮುಂದಿಟ್ಟ. ಅದೇ ಮಾತ್ರೆ. ಆದರೆ ಚೀಟಿಯ ಮೇಲಿದ್ದದ್ದು ಒಂಬತ್ತು ವರ್ಷದ ಹುಡುಗಿಯ ಹೆಸರು.

"ಅಜ್ಜಾ, ಇದು ಕೂಸಿಗೇನ್ರಿ?" ಎಂದೆ.

"ಮೆಲ್ಲಕ ಮಾತಾಡವ್ವ," ಎಂದವನು ಗಿರಾಕಿಗಳು ಕರಗುವವರೆಗೂ ಮೂಲೆಯಲ್ಲಿ ನಿಂತ. ಆಮೇಲೆ ಹೇಳಿದ. ಮೊಮ್ಮಗಳಿಗೆ ಹುಟ್ಟುವಾಗಲೇ ಹೃದಯದಲ್ಲಿ ತೂತಿತ್ತಂತೆ. ಗೊತ್ತಾಗುವಷ್ಟರಲ್ಲಿ ತಡವಾಗಿ, ಹೆಚ್ಚಿನ ರಕ್ತ ನುಗ್ಗಿ ನುಗ್ಗಿ ಶ್ವಾಸಕೋಶದ ರಕ್ತನಾಳಗಳು ಗಟ್ಟಿಯಾಗಿ ಕಿರಿದಾಗಿದ್ದವು. ಇನ್ನು ತೂತು ಮುಚ್ಚುವ ಆಪರೇಷನ್ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ನಾಳಗಳನ್ನು ಒಂದಿಷ್ಟು ಸಡಿಲಿಸುವುದು ಇದೇ ಮಾತ್ರೆ. ನಾನು ಕಾಲೇಜಿನಲ್ಲಿ ಓದಿದ್ದೆ. ಆದರೆ ಮಗುವಿಗಾಗಿ ಕೇಳಿ ಬಂದವರನ್ನು ನೋಡಿರಲಿಲ್ಲ.

"ನಮ್ಮ ಹೊಳಿ ನೀರೆತ್ತೋ ಮೋಟ್ರು ಇರತೈತಿ ನೋಡವ್ವ. ಪೈಪಿನಾಗ ಹೂಳು ಕುಂತ್ರ ಅದು ಏನ್ ಮಾಡಬೇಕು? ಒತ್ತತೈತಿ, ಒತ್ತತೈತಿ, ಕಾಯ್ತೈತಿ. ಕೂಸಿನ ಗುಂಡಿಗಿ ಬಲಗಡಿ ಹಂಗ ಆಗೈತಂತ. ಒತ್ತಿ ಒತ್ತಿ ದಪ್ಪಗಾಗೈತಂತ..."

ಕೊನೆಗೆ ಮೋಟರಿಗೆ ಏನಾಗುತ್ತದೆ ಎಂಬುದನ್ನು ಅಜ್ಜ ಹೇಳಲಿಲ್ಲ.

ಈ ಮಾತ್ರೆಯನ್ನು ಕಂಪ್ಲಿಯಲ್ಲೇ ತರಿಸಿಕೊಳ್ಳಬಹುದಲ್ಲ ಎಂದೆ. ಅಜ್ಜ ತಲೆ ಅಲ್ಲಾಡಿಸಿದ. "ಹೆಣ್ಣು ಕೂಸವ್ವ. ಎದೀ ಬ್ಯಾನಿ ಐತಿ ಅಂತ ಊರಿಗೆ ಗೊತ್ತಾದ್ರ ನಾಳೆ ಯಾರು ಮಾಡ್ಕೋತಾರ?" ಅದಕ್ಕೇ ತಿಂಗಳಿಗೊಮ್ಮೆ ಹೊಸಪೇಟೆಗೆ ಬಸ್ಸು. ಇಂಥ ಹೃದಯ ಹೊತ್ತ ಮಗು ಮದುವೆಯ ವಯಸ್ಸಿಗೆ ಮುಟ್ಟುವುದೇ ದೊಡ್ಡ ಮಾತೆಂದು ನನಗೆ ಗೊತ್ತಿತ್ತು. ಆದರೆ ಅಜ್ಜನ ಮುಖ ನೋಡಿದರೆ ಹಾಗೆನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಸುಮ್ಮನೆ ಮಾತ್ರೆ ಕಟ್ಟಿಕೊಟ್ಟೆ.

ಆದರೆ ಊರು ಬಿಟ್ಟು ಬಂದರೂ ಊರ ಕಣ್ಣು ಬಿಡುವುದಿಲ್ಲ. ಒಂದು ಸಲ ಕಂಪ್ಲಿಯ ಅಕ್ಕಿ ದಲ್ಲಾಳಿಯೊಬ್ಬ ಪಕ್ಕದಲ್ಲೇ ನಿಂತಿದ್ದ. ಅಜ್ಜನ ಕೈಯಲ್ಲಿದ್ದ ಮಾತ್ರೆ ನೋಡಿ ಅವನ ಮೀಸೆ ಅರಳಿತು.

"ಏನಜ್ಜಾ! ಊರು ಹೋಗು ಅಂತೈತಿ, ಕಾಡು ಬಾ ಅಂತೈತಿ. ನಿಂದು ಇನ್ನಾ ಮುಗಿದಿಲ್ಲೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಕಣ್ಣಲ್ಲೇ ತಡೆದ. ಆಮೇಲೆ ಬೊಚ್ಚುಬಾಯಿ ಬಿಟ್ಟು ನಕ್ಕ. "ಮುಗಿಯಾಕ ಅದೇನು ಅಂಗಡ್ಯಾಗಿನ ಸಕ್ರೀ ಏನಲೇ?" ಅಂದ. ಅಂಗಡಿಗೆ ಅಂಗಡಿಯೇ ನಕ್ಕಿತು. ನನಗೆ ಮೈ ಉರಿದು ಹೋಯಿತು.

ಮುಂದಿನ ತಿಂಗಳ ಹೊತ್ತಿಗೆ ಸುದ್ದಿ ಕಂಪ್ಲಿಯ ಕಟ್ಟೆ ಹತ್ತಿತ್ತು. ಹೆಂಡತಿ ಸತ್ತು ವರ್ಷಗಳಾದ ಮುದುಕ ಹೊಸಪೇಟೆಯಲ್ಲಿ ಯಾರನ್ನೋ ಇಟ್ಟುಕೊಂಡಿದ್ದಾನಂತೆ ಎಂದು ಜನ ಆಡಿಕೊಳ್ಳತೊಡಗಿದ್ದರು. ಹಿರಿಯರು ಕರೆಸಿ ಬುದ್ಧಿ ಹೇಳಿದರಂತೆ. ಇದನ್ನೆಲ್ಲ ಅಜ್ಜನೇ ನಗುತ್ತಾ ಹೇಳಿದ, ಹೇಳುತ್ತಲೇ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

"ನಿಜ ಹೇಳಿಬಿಡ್ರಿ ಅಜ್ಜಾ, ಅವರ ಬಾಯಿಗೆ ಬೀಗ ಬೀಳಲಿ," ಎಂದು ರೇಗಿದೆ.

"ಮುದುಕನ ಮಾನ ಹೋದ್ರ ಹೋಗ್ಲವ್ವ. ಕೂಸಿನ ಬಾಳೇವು ಕೆಡಬಾರ್ದು."

ಮಗುವನ್ನು ನಾನು ನೋಡಿದ್ದು ಒಮ್ಮೆ ಮಾತ್ರ. ಆಸ್ಪತ್ರೆಯಿಂದ ಹಿಂದಿರುಗುವಾಗ ಅಜ್ಜ ಕರೆತಂದಿದ್ದ. ಅಂಗಡಿಯ ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು ಬಿಡುತ್ತಾ ಸ್ಟೂಲಿನ ಮೇಲೆ ಕುಳಿತಳು. ತುಟಿ ನೀಲಿಗಟ್ಟಿತ್ತು, ಬೆರಳ ತುದಿಗಳು ದುಂಡಗೆ ಊದಿದ್ದವು. ಕಣ್ಣಲ್ಲಿ ಮಾತ್ರ ತುಂಟತನ ತುಂಬಿ ತುಳುಕುತ್ತಿತ್ತು. ಶಾಲೆಯಲ್ಲಿ ಖೋ ಖೋ ಆಡುವಾಗ ಎಚ್ಚರ ತಪ್ಪಿ ಬಿದ್ದಿದ್ದಳಂತೆ.

"ನಾ ಓಡಬಾರ್ದಂತ್ರಿ ಅಕ್ಕಾ. ನನ್ ಬದ್ಲಿ ಅಜ್ಜ ಓಡತಾನ," ಎಂದಳು. ಅಜ್ಜ ನಿಂತಲ್ಲೇ ಎರಡು ಹೆಜ್ಜೆ ಓಡಿದಂತೆ ಮಾಡಿದ. ಅವಳು ನಕ್ಕಳು, ನಕ್ಕದ್ದಕ್ಕೂ ದಣಿದಳು.

ಆಮೇಲೊಂದು ತಿಂಗಳು ಅಜ್ಜ ಬರಬೇಕಾದ ದಿನಕ್ಕೆ ಬರಲಿಲ್ಲ. ಈ ಮಾತ್ರೆ ತಪ್ಪಿಸುವಂಥದ್ದಲ್ಲ. ಕಂಪ್ಲಿ ಬಸ್ಸು ಬಂದಾಗಲೆಲ್ಲ ಇಳಿಯುವವರ ಮುಖ ನೋಡುತ್ತಿದ್ದೆ...

ಅವನು ಬಂದ ದಿನ ದಲ್ಲಾಳಿಯೂ ಅಂಗಡಿಯಲ್ಲಿದ್ದ. "ಏನಜ್ಜಾ, ಸ್ಟಾಕ್ ಖಾಲಿ ಆತೇನು?" ಎಂದ, ಹಲ್ಲು ಕಿರಿಯುತ್ತಾ.

ಅಜ್ಜ ಉಳಿದ ಮಾತ್ರೆಗಳನ್ನು ಚೀಲದಿಂದ ತೆಗೆದು ಕೌಂಟರಿನ ಮೇಲಿಟ್ಟ. ಅವನ ದನಿ ಅಷ್ಟು ಜೋರಾಗಿದ್ದದ್ದನ್ನು ನಾನು ಕೇಳಿರಲೇ ಇಲ್ಲ. "ನನ್ ಮೊಮ್ಮಗಳಿಗೆ ಒಯ್ತಿದ್ನಪ್ಪಾ. ಕೂಸಿಗೆ ಎದೀ ಬ್ಯಾನಿ ಇತ್ತು. ಹ್ವಾದ ವಾರ ತೀರ್ಕೊಂತು."

ದಲ್ಲಾಳಿ ತಲೆ ತಗ್ಗಿಸಿ ಹೊರಗೆ ಹೋದ.

"ಅಜ್ಜಾ, ಇದನ್ನ ಯಾರಿಗೂ ಹೇಳಬ್ಯಾಡ ಅಂತಿದ್ರಲ್ರಿ..." ಎಂದೆ.

"ಇನ್ನ ಯಾರ ಮದಿವಿ ನಿಂದರತೈತವ್ವಾ?" ಎಂದ ಅಜ್ಜ.

ಅದೇ ಕೊನೆ. ಅಜ್ಜನೂ ಹೆಚ್ಚು ದಿನ ಉಳಿಯಲಿಲ್ಲವೆಂದು ಆಮೇಲೆ ಕೇಳಿದೆ.

ಮೊನ್ನೆ ಕಂಪ್ಲಿಗೆ ಹೋಗಿದ್ದು ನಮ್ಮ ಸಂಬಂಧಿಕರ ಮಗಳ ಮದುವೆಗೆ. ಆ ಮಗು ಇದ್ದಿದ್ದರೆ ಮದುಮಗಳಷ್ಟೇ ವಯಸ್ಸು. ಅಕ್ಷತೆ ಹಾಕುವಾಗ ಕಣ್ಣೀರು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹೆಣ್ಣುಮಗಳು "ಯಾಕ್ರಿ ಅಕ್ಕಾ?" ಎಂದು ಮೆಲ್ಲಗೆ ಕೇಳಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಮೆಲ್ಲಗೆ ಮಾತಾಡು ಎನ್ನಲು ಈಗ ಯಾರೂ ಉಳಿದಿಲ್ಲ.